‘ಕ್ಲಿಯರ್ ಟೈಟಲ್’ ಕೊಟ್ಟ ರಾಬರ್ಟ್ ಟಾರೆನ್ಸ್: ಆತ ಎಳೆದ ಪರದೆಯ ಹಿಂದೆ ಯಾರಿದ್ದರು?

ಬೆಂಗಳೂರಿನ ಯಾವುದೇ ಸೈಟಿನ ಜಾಹೀರಾತು ತೆಗೆದು ನೋಡಿ. ಕ್ಲಿಯರ್ ಟೈಟಲ್ ಅನ್ನೋ ಮಾತು ಇಲ್ಲದೆ ಅದು ಮುಗಿಯೋದೇ ಇಲ್ಲ. ಆಸ್ತಿ ಪತ್ರಗಳನ್ನು ಓದಿ ಅಭಿಪ್ರಾಯ ಬರೆದುಕೊಡೋದು ನನ್ನ ವಕೀಲಿಕೆಯ ದೊಡ್ಡ ಪಾಲು. ಹಾಗಾಗಿ ನೇರವಾಗಿ ಹೇಳ್ತೀನಿ: ನಮ್ಮ ದೇಶದಲ್ಲಿ ಬಹುಪಾಲು ಆಸ್ತಿಗಳ ಮಟ್ಟಿಗೆ, ಈ ಜಾಗ ಇಂಥವರದ್ದೇ ಅಂತ ಸರ್ಕಾರ ಖಾತ್ರಿ ಕೊಡುವ ವ್ಯವಸ್ಥೆಯೇ ಇಲ್ಲ. ಅಂಥ ಖಾತ್ರಿಯನ್ನು ಕಾನೂನಾಗಿ ಬರೆಸಿ, ಇಂಗ್ಲಿಷ್ ಕಾನೂನು ನಡೆಯುವ ಅರ್ಧ ಪ್ರಪಂಚಕ್ಕೆ ಹಬ್ಬಿಸಿದ ಮನುಷ್ಯನ ಹೆಸರು ರಾಬರ್ಟ್ ರಿಚರ್ಡ್ ಟಾರೆನ್ಸ್. ಆತ ವಕೀಲನಲ್ಲ, ಸುಂಕದ ಕಟ್ಟೆಯ ಅಧಿಕಾರಿ.

ಈತನ ಬದುಕನ್ನು ಈಗ ಓದೋಕೆ ಕಾರಣ ಇದೆ. ಭೂದಾಖಲೆಗಳೆಲ್ಲ ಡಿಜಿಟಲ್ ಆಗ್ತಿವೆ. ಅದರ ಮುಂದಿನ ಹೆಜ್ಜೆ ಅಂತ ಸರ್ಕಾರಿ ವಲಯದಲ್ಲಿ ಮತ್ತೆ ಮತ್ತೆ ಕೇಳಿಬರೋದು ಟಾರೆನ್ಸ್ ಮಾದರಿಯ ಖಾತ್ರಿ ಹಕ್ಕು. ಒಳ್ಳೆಯದೇ ಅಲ್ವಾ ಅನಿಸಬಹುದು. ಬಹುಮಟ್ಟಿಗೆ ಹೌದು. ಆದರೆ ಈತನ ಕಥೆಯಲ್ಲಿ ಇನ್ನೊಂದು ಪುಟ ಇದೆ, ಅದನ್ನು ಓದದೆ ಸಹಿ ಹಾಕಬಾರದು.

ಅಪ್ಪನ ವಸಾಹತು, ಮಗನ ನೌಕರಿ

ಟಾರೆನ್ಸ್ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ, 1810ರ ದಶಕದ ಮೊದಲ ಭಾಗದಲ್ಲಿ. ಓದಿದ್ದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ. ಅಪ್ಪನ ಹೆಸರೂ ರಾಬರ್ಟ್ ಟಾರೆನ್ಸ್. ಅಪ್ಪ ಸೇನೆಯಲ್ಲಿ ಕರ್ನಲ್, ಜೊತೆಗೆ ಆ ಕಾಲದ ಹೆಸರಾಂತ ಅರ್ಥಶಾಸ್ತ್ರಜ್ಞ. ದಕ್ಷಿಣ ಆಸ್ಟ್ರೇಲಿಯಾ ಎಂಬ ಹೊಸ ವಸಾಹತನ್ನು ಕಟ್ಟಲು ಲಂಡನ್ನಿನಲ್ಲಿ ರಚನೆಯಾದ ಆಯೋಗಕ್ಕೆ ಇವನೇ ಅಧ್ಯಕ್ಷ.

ಆ ವಸಾಹತು ಹುಟ್ಟಿದ ರೀತಿ ಇವತ್ತಿನ ಲೇಔಟ್ ವ್ಯಾಪಾರಕ್ಕೆ ತೀರಾ ಹತ್ತಿರದ್ದು. 1834ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿತು. ಅದರಲ್ಲಿ ಆ ಇಡೀ ಪ್ರದೇಶವನ್ನು ಪಾಳು ಬಿದ್ದ, ಯಾರೂ ವಾಸವಿಲ್ಲದ ನೆಲ ಅಂತ ಬಣ್ಣಿಸಿತು. ಸಾಗರದಾಚೆಯ ಆ ಜಮೀನನ್ನು ಲಂಡನ್ನಿನಲ್ಲಿ ಕೂತವರಿಗೆ ಎಕರೆ ಲೆಕ್ಕದಲ್ಲಿ ಮುಂಗಡವಾಗಿ ಮಾರಲಾಯಿತು. ಕೊಂಡವರು ನೆಲ ನೋಡಿರಲಿಲ್ಲ, ಸರ್ವೆಯೂ ಆಗಿರಲಿಲ್ಲ. ಅಡಿಲೇಡ್ ನಗರದ ಅಳತೆ ನಡೆದದ್ದು ಆಮೇಲೆ, 1837ರಲ್ಲಿ. ಆ ಊರಿನ ನಡುವೆ ಹರಿಯುವ ನದಿಗೆ ಕರ್ನಲ್ ಟಾರೆನ್ಸನ ಹೆಸರನ್ನೇ ಇಟ್ಟರು.

ಮಗ ಲಂಡನ್ ಬಂದರಿನ ಸುಂಕ ಇಲಾಖೆಯಲ್ಲಿ ಕೆಲಸ ಮಾಡಿ, 1839ರಲ್ಲಿ ಮದುವೆಯಾಗಿ, 1840ರ ಕೊನೆಗೆ ಅಡಿಲೇಡಿಗೆ ಬಂದಿಳಿದ. ಅಲ್ಲಿ ಸುಂಕದ ಕಲೆಕ್ಟರ್ ಆದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದು ಅದೇ ಕೆಲಸ: ಬಂದರಿಗೆ ಬರುವ ಹಡಗು, ಸರಕು, ಸುಂಕ, ರಿಜಿಸ್ಟರ್.

ಹಡಗಿಗೊಂದು ಪುಸ್ತಕ, ಹೊಲಕ್ಕೊಂದು ಗಂಟು

ಈ ರಿಜಿಸ್ಟರೇ ಮುಂದಿನ ಕಥೆಗೆ ಬೀಜ. ಬ್ರಿಟಿಷ್ ಕಾನೂನಿನಲ್ಲಿ ಹಡಗಿನ ಒಡೆತನ ಬಂದರಿನ ನೋಂದಣಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಒಂದು ಹಡಗಿನಲ್ಲಿ ಹತ್ತಾರು ಜನರ ಪಾಲು ಇದ್ದರೂ ಯಾರಿಗೆ ಎಷ್ಟು, ಯಾರು ಯಾರಿಗೆ ಮಾರಿದರು ಅನ್ನೋದನ್ನು ಪುಸ್ತಕ ತೆರೆದರೆ ಸಾಕು, ತಿಳಿಯುತ್ತಿತ್ತು.

ಹೊಲ ಮನೆ ಕೊಳ್ಳೋದು ಹಾಗಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಪತ್ರಗಳ ಸರಪಳಿ. ನನಗೆ ಮಾರುವವನು ಯಾರಿಂದ ಕೊಂಡ, ಅವನಿಗೆ ಮಾರಿದವನು ಯಾರಿಂದ ಕೊಂಡ ಅಂತ ಹಿಂದೆ ಹಿಂದೆ ಹೋಗಿ, ಮೊದಲು ಸರ್ಕಾರ ಮಂಜೂರು ಮಾಡಿದ ಪತ್ರದವರೆಗೆ ತಲುಪಬೇಕಿತ್ತು. ನಡುವೆ ಒಂದು ಪತ್ರ ಕಳೆದಿದ್ದರೆ, ಒಂದು ಸಹಿ ಸುಳ್ಳಾಗಿದ್ದರೆ, ಒಂದು ಉಯಿಲು ಬಚ್ಚಿಟ್ಟಿದ್ದರೆ ಇಡೀ ಸರಪಳಿ ಅನುಮಾನ. ಅದಕ್ಕಿಂತ ವಿಚಿತ್ರ ಏನಂದ್ರೆ, ಅದೇ ಜಮೀನು ಮತ್ತೆ ಮಾರಾಟವಾದಾಗ ಇದೇ ಪರಿಶೀಲನೆಯನ್ನು ಮೊದಲಿಂದ ಮಾಡಬೇಕಿತ್ತು. ಪ್ರತಿ ಸಲವೂ ವಕೀಲರಿಗೆ ಶುಲ್ಕ. ಸಣ್ಣ ಹಿಡುವಳಿಯವನಿಗೆ ಇದು ಭರಿಸಲಾಗದ ಖರ್ಚು. ಜಮೀನಿದ್ದರೂ ಅದನ್ನು ಧೈರ್ಯವಾಗಿ ಅಡವಿಡಲಾಗದು, ಮಾರಲಾಗದು.

1852ರ ಹೊತ್ತಿಗೆ ಟಾರೆನ್ಸ್ ವಸಾಹತಿನ ಖಜಾಂಚಿಯಾಗಿದ್ದ. ಪತ್ರಗಳನ್ನು ನೋಂದಾಯಿಸುವ ರಿಜಿಸ್ಟ್ರಾರ್ ಜನರಲ್ ಹುದ್ದೆಯೂ ಆತನ ಕೈಗೆ ಬಂತು. ಹಡಗಿನ ಪುಸ್ತಕ ಕಂಡಿದ್ದ ಕಣ್ಣಿಗೆ ಈಗ ಪತ್ರಗಳ ಗಂಟುಗಳು ಕಂಡವು. ಹಡಗಿಗೆ ಸಾಧ್ಯವಾದದ್ದು ಹೊಲಕ್ಕೆ ಯಾಕಾಗದು ಅನ್ನೋ ಪ್ರಶ್ನೆಯನ್ನು ಆತ ಹಿಡಿದುಕೊಂಡ.

ಇಡೀ ಯಶಸ್ಸು ಆತನೊಬ್ಬನದ್ದೇ ಅಲ್ಲ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಇಂಥದ್ದೇ ಭೂ ನೋಂದಣಿ ಮೊದಲೇ ಇತ್ತು. ಅಲ್ಲಿಂದ ದಕ್ಷಿಣ ಆಸ್ಟ್ರೇಲಿಯಾಕ್ಕೆ ವಲಸೆ ಬಂದಿದ್ದ ಉಲ್ರಿಕ್ ಹ್ಯೂಬೆ ಎಂಬ ಕಾನೂನು ಪಂಡಿತ ಅದರ ವಿವರಗಳನ್ನು ಒದಗಿಸಿದ. ಕಾಯ್ದೆಯಲ್ಲಿ ಯಾರ ಪಾಲು ಎಷ್ಟು ಅನ್ನೋದು ಇವತ್ತಿಗೂ ವಿದ್ವಾಂಸರ ಜಗಳ. ಪುಸ್ತಕ ಜ್ಞಾನ ಹ್ಯೂಬೆಯದ್ದಿರಬಹುದು, ಆದರೆ ಅದನ್ನು ರಾಜಕೀಯವಾಗಿ ಗೆಲ್ಲಿಸಿದ್ದು ಟಾರೆನ್ಸ್.

ಒಂದು ತಿಂಗಳ ಪ್ರೀಮಿಯರ್, ಒಂದೂವರೆ ಶತಮಾನ ದಾಟಿದ ಕಾಯ್ದೆ

1857ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮೊದಲ ವಿಧಾನಸಭೆಗೆ ಚುನಾವಣೆ ನಡೆಯಿತು. ವಯಸ್ಕ ಗಂಡಸರಿಗೆಲ್ಲ ಮತ, ಅದೂ ಗುಪ್ತ ಮತದಾನ. ಬ್ರಿಟನ್ನಿನಲ್ಲೇ ಆಗ ಇಷ್ಟಿರಲಿಲ್ಲ. ಟಾರೆನ್ಸ್ ಅಡಿಲೇಡ್ ನಗರದಿಂದ ಗೆದ್ದ. ಆತನ ಮುಖ್ಯ ಘೋಷಣೆಯೇ ಭೂ ವರ್ಗಾವಣೆಯ ಸುಧಾರಣೆ. ಅದೇ ಸೆಪ್ಟೆಂಬರ್‌ನಲ್ಲಿ ವಸಾಹತಿನ ಮೂರನೇ ಪ್ರೀಮಿಯರ್ ಆದ. ಸರ್ಕಾರ ಉಳಿದದ್ದು ಒಂದು ತಿಂಗಳು. ಅಧಿಕಾರ ಹೋದರೂ ಮಸೂದೆಯನ್ನು ಬಿಡಲಿಲ್ಲ. ಸ್ಥಿರಾಸ್ತಿ ಕಾಯ್ದೆ 1858ರ ಜನವರಿಯಲ್ಲಿ ಅಂಗೀಕಾರವಾಗಿ, ಅದೇ ವರ್ಷದ ಜುಲೈನಲ್ಲಿ ಜಾರಿಗೆ ಬಂತು. ಟಾರೆನ್ಸ್ ಶಾಸಕ ಸ್ಥಾನ ಬಿಟ್ಟು, ಅದನ್ನು ನಡೆಸುವ ರಿಜಿಸ್ಟ್ರಾರ್ ಜನರಲ್ ಆಗಿ ಕಚೇರಿಯಲ್ಲಿ ಕೂತ.

ಕಾಯ್ದೆಯ ತಿರುಳು ಸರಳ. ಪ್ರತಿ ಜಮೀನಿಗೆ ಸರ್ಕಾರಿ ಪುಸ್ತಕದಲ್ಲಿ ಒಂದು ಪುಟ. ಆ ಪುಟದಲ್ಲಿ ಒಡೆಯನ ಹೆಸರು, ಜಾಗದ ವಿವರ, ಅಡಮಾನ ಮತ್ತು ಗುತ್ತಿಗೆ ಇದ್ದರೆ ಅದು. ಅದರ ಪ್ರತಿ ಒಡೆಯನ ಕೈಗೆ. ಮಾರಬೇಕಾದರೆ ಅಚ್ಚಾದ ಒಂದು ನಮೂನೆ ತುಂಬಿ ಸಹಿ ಹಾಕಿ ಕೊಡಬೇಕು. ಹಕ್ಕು ದಾಟೋದು ಪತ್ರಕ್ಕೆ ಸಹಿ ಬಿದ್ದಾಗ ಅಲ್ಲ, ಪುಸ್ತಕದಲ್ಲಿ ಹೆಸರು ಬದಲಾದಾಗ. ಯಾರಿಗಾದರೂ ತಕರಾರಿದ್ದರೆ ಕೇವಿಯಟ್ ಹಾಕಿ ವರ್ಗಾವಣೆಯನ್ನು ತಡೆಯಬಹುದು.

ಮುಂದೆ ಕಾನೂನು ಪಂಡಿತರು ಇದನ್ನು ಮೂರು ಹೋಲಿಕೆಗಳಲ್ಲಿ ವಿವರಿಸಿದರು. ಒಂದು, ಕನ್ನಡಿ: ಪುಸ್ತಕದಲ್ಲಿ ಕಾಣುವುದೇ ನೆಲದ ಮೇಲಿನ ಹಕ್ಕಿನ ನಿಜವಾದ ಚಿತ್ರ. ಎರಡು, ಪರದೆ: ಪುಸ್ತಕದ ಆಚೆಗಿನ ಹಳೆಯ ಪತ್ರಗಳನ್ನು ಕೊಳ್ಳುವವನು ಕೆದಕಬೇಕಿಲ್ಲ. ಮೂರು, ವಿಮೆ: ಪುಸ್ತಕ ತಪ್ಪಾಗಿ, ನಿಜವಾದ ಒಡೆಯ ಆಸ್ತಿ ಕಳೆದುಕೊಂಡರೆ ಪರಿಹಾರ ನಿಧಿಯಿಂದ ಹಣ. ಆ ನಿಧಿಗೆ ಪುಸ್ತಕಕ್ಕೆ ಸೇರುವ ಆಸ್ತಿಗಳಿಂದಲೇ ಒಂದು ಸಣ್ಣ ಮೊತ್ತ ಸಂಗ್ರಹ. ಸ್ವತಃ ವಂಚನೆ ಮಾಡಿ ಹೆಸರು ಸೇರಿಸಿಕೊಂಡವನಿಗೆ ಮಾತ್ರ ಈ ರಕ್ಷಣೆ ಇಲ್ಲ.

ವಕೀಲರು ಸುಮ್ಮನಿರುತ್ತಾರಾ? ಅವರ ಅನ್ನಕ್ಕೇ ಕಲ್ಲು ಬಿತ್ತು. ಹೊಸ ಪದ್ಧತಿಗೆ ಅವರಿಂದ ಅಸಹಕಾರವೇ ಹೆಚ್ಚು ಸಿಕ್ಕಿತು. ಬೆಂಜಮಿನ್ ಬೂತ್‌ಬಿ ಎಂಬ ನ್ಯಾಯಮೂರ್ತಿಯಂತೂ ಸ್ಥಳೀಯ ಶಾಸನಗಳ ಸಿಂಧುತ್ವವನ್ನೇ ಪ್ರಶ್ನಿಸುತ್ತ ಹೋದ, ಟಾರೆನ್ಸನ ಕಾಯ್ದೆಯೂ ಅದಕ್ಕೆ ಸಿಕ್ಕಿಕೊಂಡಿತು. ಗೊಂದಲ ಎಷ್ಟಾಯಿತೆಂದರೆ ಬ್ರಿಟಿಷ್ ಸಂಸತ್ತು 1865ರಲ್ಲಿ ವಸಾಹತುಗಳ ಕಾನೂನುಗಳಿಗೆ ಸಿಂಧುತ್ವ ಕೊಡುವ ಪ್ರತ್ಯೇಕ ಕಾಯ್ದೆ ತರಬೇಕಾಯಿತು. ಬೂತ್‌ಬಿಯನ್ನು 1867ರಲ್ಲಿ ಹುದ್ದೆಯಿಂದ ತೆಗೆದರು.

ಈ ಜಗಳದಲ್ಲೇ ಒಂದು ಹೊಸ ಕಸುಬು ಹುಟ್ಟಿತು. ವಕೀಲರಲ್ಲದವರೂ ಪರವಾನಗಿ ಪಡೆದು ವರ್ಗಾವಣೆಯ ಪತ್ರ ತಯಾರಿಸಬಹುದು ಅಂತ ದಾರಿ ಮಾಡಿದರು. ಅವರೇ ಲ್ಯಾಂಡ್ ಬ್ರೋಕರ್‌ಗಳು. ಬ್ರೋಕರ್ ಅನ್ನೋದು ನಮ್ಮಲ್ಲಿ ಬೈಗುಳದ ಹಾಗೆ ಕೇಳಿಸುತ್ತೆ. ಅಲ್ಲಿ ಅದು ಕಾಯ್ದೆಯಡಿ ಲೈಸೆನ್ಸ್ ಇರುವ ಹೊಣೆಯ ಕೆಲಸ. ಇವತ್ತು ಅವರನ್ನು ಕನ್ವೇಯನ್ಸರ್ ಅಂತಾರೆ. 1994ರ ಕಾಯ್ದೆಯಂತೆ ಅಲ್ಲಿ ಮನೆ ಮಾರುವವರು ಆಸ್ತಿಯ ಮೇಲಿನ ಅಡಮಾನ, ನಿರ್ಬಂಧಗಳನ್ನೆಲ್ಲ ತೋರಿಸುವ ಹೇಳಿಕೆಯನ್ನು ಕೊಳ್ಳುವವರಿಗೆ ಕೊಡಲೇಬೇಕು. ಮನೆ ಕೊಳ್ಳುವವರು ಸಾಮಾನ್ಯವಾಗಿ ಎರಡು ಕೆಲಸದ ದಿನಗಳೊಳಗೆ ಒಪ್ಪಂದದಿಂದ ಹಿಂದೆ ಸರಿಯಬಹುದು. ಪುಸ್ತಕ ಖಾತ್ರಿ ಕೊಡುತ್ತೆ ಅಂತ ಏಜೆಂಟ್ ಕೈತೊಳೆದುಕೊಳ್ಳುವಂತಿಲ್ಲ.

ಪರದೆಯ ಹಿಂದಿನ ಜನ

ಇಷ್ಟು ಓದಿದರೆ ಟಾರೆನ್ಸ್ ಬಡ ರೈತನ ಬಂಧು. ಅದು ಸುಳ್ಳಲ್ಲ. ವಲಸೆ ಬಂದ ಸಣ್ಣ ರೈತ, ಬಡಗಿ, ಅಂಗಡಿಯವ ಕಡಿಮೆ ಖರ್ಚಿನಲ್ಲಿ ಒಡೆತನ ಪಡೆದದ್ದು ಆತನ ಕಾಯ್ದೆಯಿಂದಲೇ.

ಆದರೆ ಆ ಪುಸ್ತಕದ ಮೊದಲ ಪುಟವನ್ನು ಕೇಳಿ: ಮೊದಲ ಒಡೆಯ ಯಾರಿಂದ ಕೊಂಡ? ರಾಜಮನೆತನದ ಮಂಜೂರಾತಿಯಿಂದ. ರಾಜಮನೆತನಕ್ಕೆ ಎಲ್ಲಿಂದ ಬಂತು? ಅಲ್ಲಿ ಪುಸ್ತಕ ಮೌನ.

ಅಡಿಲೇಡ್ ಬಯಲು ಕೌರ್ನಾ ಜನರ ನೆಲ. ಅವರಿಗೆ ಆ ನದಿಯ ಹೆಸರು ಟಾರೆನ್ಸ್ ಅಲ್ಲ, ಕರ್ರವಿರ್ರ ಪರಿ. 1836ರಲ್ಲಿ ದೊರೆ ಹೊರಡಿಸಿದ ಸನ್ನದಿನಲ್ಲಿ, ಮೂಲನಿವಾಸಿಗಳು ವಾಸ್ತವವಾಗಿ ನೆಲೆಸಿರುವ, ಅನುಭವಿಸುತ್ತಿರುವ ನೆಲದ ಮೇಲಿನ ಅವರ ಮತ್ತು ಅವರ ವಂಶಜರ ಹಕ್ಕಿಗೆ ಧಕ್ಕೆ ಬರಬಾರದು ಅನ್ನೋ ಷರತ್ತು ಇತ್ತು. ಅಂದರೆ ಅಲ್ಲಿ ಜನ ಇದ್ದಾರೆ ಅಂತ ಲಂಡನ್ನಿಗೆ ಗೊತ್ತಿತ್ತು. ಆ ಷರತ್ತು ಕಾಗದದಲ್ಲೇ ಉಳಿಯಿತು, ಭೂಮಿ ಮಾರಾಟ ನಡೆದೇ ನಡೆಯಿತು. ಆ ಮಾರಾಟ ನಡೆಸಿದ ಆಯೋಗದ ಅಧ್ಯಕ್ಷ ಅಪ್ಪ ಟಾರೆನ್ಸ್. ಮಾರಾಟವಾದ ಮೇಲೆ ಹಿಂದಕ್ಕೆ ನೋಡಬೇಕಿಲ್ಲ ಅಂತ ಪರದೆ ಎಳೆದದ್ದು ಮಗ ಟಾರೆನ್ಸ್.

ಮಗ ಇದನ್ನು ಮೂಲನಿವಾಸಿಗಳ ವಿರುದ್ಧದ ಸಂಚಾಗಿ ಮಾಡಿದ ಅಂತ ನಾನು ಹೇಳ್ತಿಲ್ಲ. ಕಸಿದುಕೊಂಡದ್ದು ಕಾಯ್ದೆಗಿಂತ ಮೊದಲೇ ಆಗಿತ್ತು. ಆದರೆ ಹಳೆಯ ಪದ್ಧತಿಯ ಸರಪಳಿ ಎಷ್ಟೇ ಕಿರಿಕಿರಿಯಾಗಿದ್ದರೂ, ನಿನಗೆ ಯಾರಿಂದ ಬಂತು ಅನ್ನೋ ಪ್ರಶ್ನೆಯನ್ನು ಪ್ರತಿ ಮಾರಾಟದಲ್ಲೂ ಕೇಳುತ್ತಿತ್ತು. ಹೊಸ ಪುಸ್ತಕ ಆ ಪ್ರಶ್ನೆಯನ್ನೇ ಅನಗತ್ಯ ಮಾಡಿತು.

1992ರ ಜೂನ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟ್ ಮಾಬೊ ಪ್ರಕರಣದಲ್ಲಿ, ಆ ಖಂಡ ಯಾರಿಗೂ ಸೇರದ ನೆಲವಾಗಿತ್ತು ಎಂಬ ವಾದವನ್ನು ತಳ್ಳಿಹಾಕಿತು. ಮರುವರ್ಷ ಮೂಲನಿವಾಸಿಗಳ ಭೂಹಕ್ಕಿನ ಕಾಯ್ದೆ ಬಂತು. ಆದರೆ ಪೂರ್ಣ ಒಡೆತನದ ಮಂಜೂರಾತಿ ಆಗಿಹೋದ ಕಡೆ ಮೂಲನಿವಾಸಿಗಳ ಹಕ್ಕು ಅಳಿದುಹೋಗಿದೆ ಅನ್ನೋದೂ ಕಾನೂನೇ. ಹಾಗಾಗಿ 2018ರಲ್ಲಿ ಕೌರ್ನಾ ಜನರ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿದಾಗ ಅವರಿಗೆ ದಕ್ಕಿದ್ದು ನಗರವಲ್ಲ, ಯಾರೂ ಕಟ್ಟಡ ಕಟ್ಟದೆ ಉಳಿದಿದ್ದ ಕೆಲವೇ ತುಂಡು ಜಾಗಗಳು. ಪರದೆ ಎಷ್ಟು ಗಟ್ಟಿ ಅಂತ ತಿಳಿಯೋಕೆ ಇಷ್ಟು ಸಾಕು.

ಟಾರೆನ್ಸ್ ಇದನ್ನೆಲ್ಲ ನೋಡಲಿಲ್ಲ. ಆತನ ಕಾಯ್ದೆ 1861ರಲ್ಲಿ ಕ್ವೀನ್ಸ್‌ಲ್ಯಾಂಡ್, 1862ರಲ್ಲಿ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಟ್ಯಾಸ್ಮೇನಿಯಾ, 1870ರಲ್ಲಿ ನ್ಯೂಜಿಲೆಂಡ್, 1874ರಲ್ಲಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹಬ್ಬಿತು. ಆತ 1860ರ ದಶಕದಲ್ಲಿ ಇಂಗ್ಲೆಂಡಿಗೆ ಮರಳಿ, 1868ರಿಂದ 1874ರವರೆಗೆ ಕೇಂಬ್ರಿಡ್ಜ್ ಕ್ಷೇತ್ರದ ಸಂಸದನಾಗಿದ್ದ. 1872ರಲ್ಲಿ ಸರ್ ಪದವಿ ಸಿಕ್ಕಿತು. 1884ರ ಆಗಸ್ಟ್ 31ರಂದು ತೀರಿಕೊಂಡ.

ನಮ್ಮಲ್ಲಿ ಏನಿದೆ?

ಟಾರೆನ್ಸ್ ಸಾಯುವುದಕ್ಕೆ ಎರಡು ವರ್ಷ ಮೊದಲು, 1882ರಲ್ಲಿ, ಬ್ರಿಟಿಷ್ ಸರ್ಕಾರ ಭಾರತಕ್ಕೆ ಆಸ್ತಿ ವರ್ಗಾವಣೆ ಕಾಯ್ದೆ ಮಾಡಿತು. ಆತನ ಮಾದರಿ ಕಣ್ಣ ಮುಂದಿದ್ದರೂ ನಮಗೆ ಕೊಟ್ಟದ್ದು ಪತ್ರಗಳ ಸರಪಳಿಯನ್ನೇ. ಅದರ 54ನೇ ಕಲಮಿನಂತೆ ನೂರು ರೂಪಾಯಿ ಮೇಲಿನ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು. ಬರೀ ಕ್ರಯದ ಕರಾರಿನಿಂದ ಒಡೆತನ ಹುಟ್ಟೋದಿಲ್ಲ. ಜಿಪಿಎ ಬರೆಸಿಕೊಂಡು ಮಾಡುವ ವ್ಯಾಪಾರವೂ ಮಾರಾಟವಲ್ಲ ಅಂತ ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. 1908ರ ನೋಂದಣಿ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ನೋಂದಾಯಿಸೋದು ಪತ್ರವನ್ನು, ಹಕ್ಕನ್ನಲ್ಲ. ಪಹಣಿಯಲ್ಲಿ ಹೆಸರಿದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಅದು ಬೇರೆ ಸಾಬೀತಾಗುವವರೆಗೆ ನಿಜವೆಂಬ ಊಹೆ ಮಾತ್ರ. ಖಾತಾ ಇರೋದು ತೆರಿಗೆಗೆ. ಇಸಿಯಲ್ಲಿ ನೋಂದಾಯಿತ ವ್ಯವಹಾರ ಮಾತ್ರ ಕಾಣುತ್ತೆ. ನೋಂದಾಯಿಸದ ಉಯಿಲು, ಬಾಯಿಮಾತಿನ ವಿಭಾಗ ಕಾಣೋದಿಲ್ಲ.

ಹಾಗಾಗಿ ನನ್ನ ಹತ್ತಿರ ಕಡತ ತರುವ ಏಜೆಂಟರಿಗೆ ನಾನು ಹೇಳೋದು ಒಂದೇ: ಪತ್ರ ತೋರಿಸಬೇಡಿ, ದಾರಿ ತೋರಿಸಿ. ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ಎಲ್ಲೂ ತಪ್ಪಿಲ್ಲವಾ? ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯಾ? 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆಗಿದೆಯಾ? ಮತ್ತು ಕೊನೆಯ ಪ್ರಶ್ನೆ: ಇದು ಸರ್ಕಾರ ದಲಿತ ಅಥವಾ ಆದಿವಾಸಿ ಕುಟುಂಬಕ್ಕೆ ಮಂಜೂರು ಮಾಡಿದ ಜಮೀನಾ?

ಕೊನೆಯ ಪ್ರಶ್ನೆ ಯಾಕೆ ಅಂದ್ರೆ, ದೇವರಾಜ ಅರಸು ಕಾಲದಲ್ಲಿ ಬಂದ 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಆ ಮಾರಾಟ ಅಸಿಂಧು; ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ನಡುವೆ ಎಷ್ಟು ಕೈ ದಾಟಿದ್ದರೂ ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರನ ಕುಟುಂಬಕ್ಕೆ ಮರಳಿಸಬಹುದು. 2017ರಲ್ಲಿ ಸುಪ್ರೀಂ ಕೋರ್ಟ್, ವಿಪರೀತ ತಡವಾಗಿ ಬಂದ ಅರ್ಜಿಯನ್ನು ಒಪ್ಪಲಾಗದು ಅಂದಿತು. ದಲಿತ ಸಂಘಟನೆಗಳ ಹೋರಾಟದ ನಂತರ 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆಯಲು ಹೊರಟಿತು. ಈ ಕಾಯ್ದೆ ಮಾಡೋದು ಟಾರೆನ್ಸ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಅದು ಪರದೆ ಸರಿಸಿ ಹಿಂದೆ ನೋಡು ಅನ್ನುತ್ತೆ.

ಈಗ ಖಾತ್ರಿ ಹಕ್ಕಿನ ಮಾತಿಗೆ ಬನ್ನಿ. ನೀತಿ ಆಯೋಗ 2020ರಲ್ಲಿ ಒಂದು ಮಾದರಿ ಕಾಯ್ದೆ ಮುಂದಿಟ್ಟಿತು: ಪಟ್ಟಿಯಲ್ಲಿ ಹೆಸರು ಪ್ರಕಟವಾಗಿ ಮೂರು ವರ್ಷದಲ್ಲಿ ತಕರಾರು ಬರದಿದ್ದರೆ ಆ ಹಕ್ಕೇ ಅಂತಿಮ. ಆಂಧ್ರಪ್ರದೇಶ ಇಂಥ ಕಾಯ್ದೆ ಮಾಡಿ, ವಕೀಲರು ಬೀದಿಗಿಳಿದು, ಅದೇ 2024ರ ಚುನಾವಣೆಯ ವಿಷಯವಾಗಿ, ಹೊಸ ಸರ್ಕಾರ ಬಂದು ರದ್ದು ಮಾಡಿತು. ಕರ್ನಾಟಕದಲ್ಲೂ ಈ ಚರ್ಚೆ ಬಂದೇ ಬರುತ್ತೆ.

ಬರಲಿ. ನಕಲಿ ಪತ್ರಕ್ಕೆ ಜೀವಮಾನದ ಉಳಿತಾಯ ಕಳೆದುಕೊಳ್ಳುವ ಮಧ್ಯಮ ವರ್ಗದವರಿಗೆ, ಮೂವತ್ತು ವರ್ಷ ಸಿವಿಲ್ ಕೋರ್ಟು ಸುತ್ತುವ ರೈತನಿಗೆ ಖಾತ್ರಿ ಹಕ್ಕು ಬೇಕು. ಆದರೆ ಆ ಪುಸ್ತಕ ತೆರೆಯುವ ದಿನ ಯಾರ ಹೆಸರು ಬರೆಯುತ್ತಾರೆ ಅನ್ನೋದೇ ಇಡೀ ರಾಜಕೀಯ. ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡನ್ನು ಮೂರು ವರ್ಷ ಕಾಯುತ್ತ ನಿಲ್ಲಲಾಗದ ಮನುಷ್ಯ ಯಾರು? ಬಗರ್ ಹುಕುಂ ಅರ್ಜಿ ಹಾಕಿ ಕೂತವನು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾದ ಆದಿವಾಸಿ, ಅಣ್ಣತಮ್ಮಂದಿರು ಪಹಣಿಯಿಂದ ಹೆಸರು ಬಿಟ್ಟ ಹೆಣ್ಣುಮಗಳು, ಸಾಲಕ್ಕೆ ಸಾಗುವಳಿ ಚೀಟಿ ಕೊಟ್ಟುಬಿಟ್ಟ ದಲಿತ ಕುಟುಂಬ. ಇವರ ತಕರಾರು ಬರಲಿಲ್ಲ ಅಂದರೆ ಇವರಿಗೆ ಹಕ್ಕಿರಲಿಲ್ಲ ಅಂತ ಅರ್ಥವಲ್ಲ.

ಅಂಥ ಮಸೂದೆ ವಿಧಾನಸೌಧಕ್ಕೆ ಬಂದ ದಿನ ನಾವು ಕೇಳಬೇಕಾದ್ದು ಇಷ್ಟು. ಪಟ್ಟಿ ಅಂತಿಮವಾಗುವ ಮೊದಲು ಪ್ರತಿ ಗ್ರಾಮಸಭೆಯಲ್ಲಿ ಸರ್ವೆ ನಂಬರ್ ಓದಿ, ಮೂಲ ಮಂಜೂರಾತಿ ರಿಜಿಸ್ಟರ್ ಜೊತೆ ತಾಳೆ ನೋಡಬೇಕು. ಕುಟುಂಬದ ಹೆಣ್ಣುಮಕ್ಕಳ ಹೆಸರು ಕಡ್ಡಾಯವಾಗಿ ಸೇರಬೇಕು. ಪಿಟಿಸಿಎಲ್ ಮತ್ತು ಅರಣ್ಯ ಹಕ್ಕಿನ ಪ್ರಕರಣಗಳಿಗೆ ಕಾಲಮಿತಿಯ ಬಾಗಿಲು ಮುಚ್ಚಬಾರದು. ಪರಿಹಾರ ನಿಧಿ ಇಲ್ಲದೆ ಖಾತ್ರಿ ಕೊಡಬಾರದು. ಯಾಕಂದ್ರೆ ಟಾರೆನ್ಸ್ ಕೂಡ ವಿಮೆ ಇಲ್ಲದೆ ಪರದೆ ಎಳೆಯಲಿಲ್ಲ. ಕೌರ್ನಾ ಜನರಿಗೆ ಮಾತ್ರ ಆ ವಿಮೆ ಇರಲಿಲ್ಲ, ಅವರ ಹೆಸರು ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲವಲ್ಲ.